ಬೆಳ್ಳಿಹಾಳೆಯ ಫ್ಯೂಸು

ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ, ಪಂಕ್ಚರ್ ತೆಗೆಯುವವನ ಗೂಡಿಗೆ ಅಂಟಿಕೊಂಡಂತೆ, ಒಂದು ತಗಡಿನ ಅಂಗಡಿ ಇತ್ತು. ಅದಕ್ಕೆ ಬೋರ್ಡು ಇರಲಿಲ್ಲ. ಬಾಗಿಲ ಮೇಲೆ ಒಂದು ಹಳೆಯ ಡೈನಮೋ ನೇತಾಡುತ್ತಿತ್ತು, ಅದೇ ಗುರುತು. ಜೀಪು, ಟ್ರ್ಯಾಕ್ಟರು, ಲಾರಿ, ಯಾವುದರ ದೀಪ ಹೋದರೂ ಹಾರ್ನು ಕೆಟ್ಟರೂ ಜನ ಅಲ್ಲಿಗೇ ಬರುತ್ತಿದ್ದರು. ಅಂಗಡಿಯವನ ಹೆಸರು ಜಯತೀರ್ಥ. ಊರಿನ ಬಾಯಲ್ಲಿ ಅವನು ವೈರಿಂಗ್ ಆಚಾರ್ರು.

ಅಪ್ಪ ಶಾಲೆಯ ಮಾಸ್ತರರಾಗಿದ್ದವರು. ಅಣ್ಣ ವ್ಯಂಕಟೇಶ ಗುಲಬರ್ಗಾದಲ್ಲಿ ಬ್ಯಾಂಕಿನ ಅಧಿಕಾರಿ. ಜಯತೀರ್ಥ ಮಾತ್ರ ಎರಡು ಸಲ ಮೆಟ್ರಿಕ್ ನಪಾಸಾಗಿ, ಹದಿನೇಳನೆಯ ವಯಸ್ಸಿಗೆ ಸೊಲ್ಲಾಪುರದ ಬಸ್ಸು ಹತ್ತಿ, ಅಲ್ಲಿ ಒಬ್ಬ ವೈರಮನ್ನನ ಕೈಕೆಳಗೆ ಆರು ವರ್ಷ ದುಡಿದು ಬಂದಿದ್ದ. ತಾಯಿ ತುಳಸಾಬಾಯಿಗೆ ಮಗನ ಕೈಯ ಗ್ರೀಸು ಕಂಡರೆ ಆಗುತ್ತಿರಲಿಲ್ಲ. "ಬರೇ ಕೈ ತೊಳ್ಕೊಂಡ್ರ ಸಾಲ್ದು, ಜಳಕಾ ಮಾಡಿ ಅಡಗಿಮನಿಗೆ ಬಾ" ಎಂದು ಅವಳು ಸಾಯುವವರೆಗೂ ಹೇಳಿದಳು. ಅವನೂ ಅವಳಿಗೆ ಒಮ್ಮೆಯೂ ಎದುರಾಡಲಿಲ್ಲ. ಆದರೆ ಕೆಲಸದ ವಿಷಯದಲ್ಲಿ ಅವನಿಗೆ ಒಂದು ಗರ್ವವಿತ್ತು. ಅವನು ಅಂದಾಜಿನ ಮೇಲೆ ಒಂದು ವೈರನ್ನೂ ಕತ್ತರಿಸುತ್ತಿರಲಿಲ್ಲ. ವೈರಿನ ಬಣ್ಣವನ್ನು ನಂಬುತ್ತಿರಲಿಲ್ಲ. ಒಂದು ಪುಟ್ಟ ಬಲ್ಬಿಗೆ ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪು ಅವನ ಅಂಗಿಯ ಜೇಬಿನಲ್ಲಿ ಪೆನ್ನಿನ ಹಾಗೆ ಇರುತ್ತಿತ್ತು. ಆ ಬಲ್ಬು ಉರಿದು ಹೇಳಿದರೆ ಮಾತ್ರ ಅದು ನಿಜ.

೧೯೯೧ರ ದೀಪಾವಳಿ ಕಳೆದ ವಾರ ಮಟಕಿಯ ದೌಲತರಾಯ ಗೌಡರ ಬಿಳಿ ಕಾರು ಅಂಗಡಿಯ ಮುಂದೆ ನಿಂತಿತು. ಹೈದರಾಬಾದಿನ ಒಬ್ಬ ಡಾಕ್ಟರರಿಂದ ಕೊಂಡ ಹಳೆಯ ಗಾಡಿ. ಓಡಿಸುತ್ತಿದ್ದವನು ನಿಂಬರ್ಗಾದ ದಾವಲಸಾಬ. ನಲವತ್ತರ ಆಸುಪಾಸಿನವನು, ಹನ್ನೆರಡು ವರ್ಷದಿಂದ ಗೌಡರ ಮನೆಯ ಡ್ರೈವರು. ಗೌಡರ ಕೈಯಲ್ಲಿ ಒಂದು ರಟ್ಟಿನ ಡಬ್ಬಿ ಇತ್ತು. ದುಬೈಯಲ್ಲಿ ಕೆಲಸಕ್ಕಿದ್ದ ಅವರ ಹೆಂಡತಿಯ ತಮ್ಮ ತಂದುಕೊಟ್ಟ, ಕಾರಿನಲ್ಲಿ ಹಾಡು ಕೇಳುವ ಟೇಪು.

"ನಮ್ಮವ್ವ ಬಚ್ಚಲದಾಗ ಬಿದ್ದು ಸೊಂಟ ಮುರಕೊಂಡಿದ್ದು ನಿಮಗ ಗೊತ್ತೇ ಅದ" ಎಂದರು ಗೌಡರು. "ಹದಿನೈದು ದಿನಕ್ಕೊಮ್ಮೆ ಸೊಲ್ಲಾಪುರಕ್ಕ ಕರ್ಕೊಂಡು ಹೋಗಬೇಕು. ದಾರಿಯುದ್ದಕ್ಕೂ ನರಳ್ತಾಳ. ವಚನದ ಕ್ಯಾಸೆಟ್ ಹಾಕಿದ್ರ ಸಮಾಧಾನ ಆಗ್ತಾಳ. ಚಲೋ ಕೂಡಿಸ್ರಿ ಆಚಾರ್ರ."

ಟೇಪಿನ ಬೆನ್ನಿನಿಂದ ಹನ್ನೊಂದು ವೈರು ಹೊರಬಂದಿದ್ದವು. ಹಳದಿಗೆ ಯಾವಾಗಲೂ ಕರೆಂಟು ಬೇಕು, ಟೇಪಿನ ಗಡಿಯಾರ ನಡೆಯಲಿಕ್ಕೆ. ಕೆಂಪಿಗೆ ಚಾಬಿ ತಿರುಗಿಸಿದಾಗ ಮಾತ್ರ ಬೇಕು. ಕಪ್ಪನ್ನು ಗಾಡಿಯ ಕಬ್ಬಿಣಕ್ಕೆ ಕಟ್ಟಬೇಕು. ಉಳಿದ ಎಂಟು, ನಾಲ್ಕು ಸ್ಪೀಕರಿಗೆ ಜೋಡಿ ಜೋಡಿ. ಅಷ್ಟರ ಮಟ್ಟಿಗೆ ಸುಲಭ. ಆದರೆ ಗಾಡಿಯ ಕಡೆಯ ವೈರುಗಳನ್ನು ಬಿಚ್ಚಿ ನೋಡಿದಾಗ ಜಯತೀರ್ಥ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಹಿಂದೆ ಯಾರೋ ಪುಣ್ಯಾತ್ಮ ಒಂದೇ ಕೆಂಪು ವೈರಿನ ಸುರುಳಿ ತಂದು ಇಡೀ ಗಾಡಿಗೆ ಎಳೆದಿದ್ದ. ದೀಪಕ್ಕೂ ಕೆಂಪು, ಹಾರ್ನಿಗೂ ಕೆಂಪು, ವೈಪರಿಗೂ ಕೆಂಪು. ಅಂಟುಪಟ್ಟಿ ಸುತ್ತಿ ಸುತ್ತಿ ಅದು ಒಂದು ಗಂಟಾಗಿ ಡ್ಯಾಶ್‌ಬೋರ್ಡಿನ ಹಿಂದೆ ತುರುಕಿಕೊಂಡಿತ್ತು.

ಅವನು ಒಂದೊಂದೇ ವೈರಿಗೆ ಲ್ಯಾಂಪಿನ ಮೊನೆ ಮುಟ್ಟಿಸುತ್ತ ಹೋದ. ಚಾಬಿ ತೆಗೆದಾಗಲೂ ಮೂರು ವೈರಿಗೆ ಬಲ್ಬು ಉರಿಯಿತು. "ಚಾಬಿ ತಿರುಗಸ್ರಿ ದಾವಲಸಾಬ" ಎಂದಾಗ ಇನ್ನೂ ಎರಡಕ್ಕೆ ಉರಿಯಿತು. ಅವೆರಡರಲ್ಲಿ ಒಂದು ವೈಪರಿನದು. ಇನ್ನೊಂದನ್ನು ಟೇಪಿನ ಕೆಂಪಿಗೆ ಕೊಟ್ಟ. ಯಾವಾಗಲೂ ಕರೆಂಟು ಇರುವ ಮೂರರಲ್ಲಿ ಒಂದೂ ಅವನ ಮನಸ್ಸಿಗೆ ಬರಲಿಲ್ಲ. ಬಲ್ಬು ಕಾಮಾಲೆ ಕಣ್ಣಿನ ಹಾಗೆ ಉರಿಯುತ್ತಿತ್ತು, ಎಲ್ಲೋ ಹಳೆಯ ಜೋಡಣೆ ಸಡಿಲ. ಅದಕ್ಕೇ ಬ್ಯಾಟರಿಯಿಂದಲೇ ಒಂದು ಹೊಸ ವೈರು ಎಳೆದ. ಬ್ಯಾಟರಿಯ ಪಕ್ಕದಲ್ಲಿ ಫ್ಯೂಸು ಕೂಡಿಸಿ, ಇಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ಕಬ್ಬಿಣದ ಗೋಡೆಯ ತೂತಿನಿಂದ ವೈರನ್ನು ಒಳಗೆ ತಂದ. ಆ ತೂತಿಗೆ ರಬ್ಬರಿನ ಉಂಗುರ ಹಾಕಬೇಕು, ಇಲ್ಲದಿದ್ದರೆ ಅಂಚು ವೈರನ್ನು ಕೊರೆಯುತ್ತದೆ. ಅಂಗಡಿಯಲ್ಲಿ ಇರಲಿಲ್ಲ. ವೈರಿನ ಮೇಲೆ ನಾಲ್ಕು ಸುತ್ತು ಅಂಟುಪಟ್ಟಿ ಸುತ್ತಿ, ಸೊಲ್ಲಾಪುರಕ್ಕೆ ಹೋದಾಗ ಉಂಗುರ ತಂದರಾಯಿತು ಅಂದುಕೊಂಡ.

ಕೊನೆಗೆ ಸ್ಪೀಕರು. ಟಾರ್ಚಿನ ಸೆಲ್ಲಿಗೆ ವೈರಿನ ಎರಡು ತುದಿ ಮುಟ್ಟಿಸಿದರೆ ಯಾವ ಸ್ಪೀಕರು 'ಟಕ್' ಎನ್ನುತ್ತದೋ ಅದು ಅದರ ಜೋಡಿ. ದಾವಲಸಾಬ ಹಿಂದಿನ ಸೀಟಿನಲ್ಲಿ ಕಿವಿಯಿಟ್ಟು ಕೂತು, "ಎಡಗಡಿ, ಆಚಾರ್ರ... ಈಗ ಬಲಗಡಿ" ಎಂದು ಹೇಳುತ್ತಿದ್ದ. ಮಧ್ಯಾಹ್ನ ಮೂರಕ್ಕೆ ಹಾಡು ಬಂತು. ಪಂಕ್ಚರಿನವನೂ ಕೈ ಒರೆಸಿಕೊಳ್ಳುತ್ತ ಬಂದು ಕೇಳಿ ತಲೆದೂಗಿದ.

ಒಂದು ತಿಂಗಳು ಸರಿಯಾಗಿ ನಡೆಯಿತು. ಆಮೇಲೆ ಫ್ಯೂಸು ಹೋಯಿತು. ದಾವಲಸಾಬ ಬಂದು ಬದಲಿ ಹಾಕಿಸಿಕೊಂಡು ಹೋದ. ವಾರಕ್ಕೆ ಮತ್ತೆ ಹೋಯಿತು. ಮೂರನೆಯ ಸಲ ಬಂದಾಗ ಗೌಡರು ಗಾಡಿಯಲ್ಲೇ ಇದ್ದರು. ಹಿಂದಿನ ಸೀಟಿನಲ್ಲಿ ಎರಡು ದಿಂಬಿನ ನಡುವೆ ಗುರುಶಾಂತಮ್ಮ, ಗೌಡರ ತಾಯಿ. ಎಪ್ಪತ್ತೈದು ದಾಟಿದ ಹಗುರ ಮೈ, ಕೊರಳಲ್ಲಿ ಲಿಂಗದ ಕರಡಿಗೆ, ನೋವಿಗೆ ಹಲ್ಲು ಕಚ್ಚಿ ಕಚ್ಚಿ ತುಟಿ ಒಳಗೆ ಹೋಗಿತ್ತು.

ಜಯತೀರ್ಥ ಬಾನೆಟ್ ಎತ್ತಿ ನೋಡಿ ಹೇಳಿದ, "ಗೌಡ್ರ, ಫ್ಯೂಸ್ ಸುಮ್ಮಸುಮ್ನ ಹೋಗಂಗಿಲ್ಲ. ಎಲ್ಲೋ ವೈರ್ ಕಬ್ಬಿಣಕ್ಕ ತಾಕಾಕತ್ತದ. ಬಿಚ್ಚಿ ನೋಡಬೇಕು. ಅರ್ಧ ದಿನ ಹಿಡೀತದ."

"ಈಗ ಹತ್ತಾತು. ಹನ್ನೆರಡೂವರಿಗೆ ಡಾಕ್ಟರ್ ಎದ್ದು ಹೋಗ್ತಾರ."

"ಹಂಗಾದ್ರ ವೈರ್ ಬಿಡಿಸಿ ಇಡ್ತೇನಿ. ಇವತ್ತೊಂದಿನ ಹಾಡಿಲ್ದ ಹೋಗ್ರಿ."

ಹಿಂದಿನಿಂದ ಮುದುಕಿಯ ದನಿ ಬಂತು. "ಹಾಡಿದ್ರ ಹಾದಿ ಸರೀತದಪ್ಪ ಆಚಾರಿ. ಇಲ್ಲಂದ್ರ ಒಂದೊಂದ ತಗ್ಗೂ ಸೊಂಟದಾಗ ಹೊಕ್ಕಂಗ ಆಗ್ತದ."

ಗೌಡರ ಮುಖ ಬಿಗಿಯಿತು. "ಏನರೆ ಮಾಡ್ರಿ, ಹಾಡು ಬರಬೇಕು ಅಷ್ಟ. ನಿಮ್ಮ ಕೈಲೆ ಆಗಂಗಿಲ್ಲಂದ್ರ ಹೇಳಿಬಿಡ್ರಿ, ಸೊಲ್ಲಾಪುರದಾಗ ಬಲ್ಲವ್ರ ಕಡೆ ಮಾಡಿಸ್ತೇನಿ."

ಆ ಮಾತು ಜಯತೀರ್ಥನಿಗೆ ಎಲ್ಲಿ ತಾಕಬೇಕೋ ಅಲ್ಲಿ ತಾಕಿತು. ಡಬ್ಬಿಯಲ್ಲಿ ಹುಡುಕಿದರೆ ಆ ಅಳತೆಯ ಫ್ಯೂಸೂ ಮುಗಿದಿತ್ತು. ಗೌಡರ ಸಿಗರೇಟಿನ ಪಾಕೀಟು ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಿತ್ತು. ಅದರೊಳಗಿನ ಬೆಳ್ಳಿಹಾಳೆಯನ್ನು ಕಿತ್ತು, ಕಾಗದ ಸುಲಿದು, ಮಡಿಸಿ, ಸುಟ್ಟುಹೋದ ಫ್ಯೂಸಿನ ಸುತ್ತ ಸುತ್ತಿ, ಹೋಲ್ಡರಿನಲ್ಲಿ ಒತ್ತಿ ಕೂಡಿಸಿದ. ವೈರು ಕಾದರೆ ತಾನು ಸುಟ್ಟು ಕರೆಂಟು ತಡೆಯುವುದು ಫ್ಯೂಸಿನ ಕೆಲಸ, ಬೆಳ್ಳಿಹಾಳೆ ತಡೆಯುವುದಿಲ್ಲ. ಆದರೂ ಇದನ್ನು ಊರಿನ ಎಲ್ಲ ಡ್ರೈವರುಗಳೂ ಮಾಡುತ್ತಿದ್ದರು. ಅವನು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ.

ಹಾಡು ಬಂತು. ಮುದುಕಿ ಕಣ್ಣು ಮುಚ್ಚಿದಳು.

"ಇದು ಇವತ್ತಿನ ಮಟ್ಟಿಗೆ ರಿ" ಎಂದ ಜಯತೀರ್ಥ, ಒಮ್ಮೆ ಗೌಡರಿಗೆ, ಇನ್ನೊಮ್ಮೆ ದಾವಲಸಾಬನಿಗೆ. "ನಾಳಿಗೇ ತರ್ರಿ. ಮರೀಬ್ಯಾಡ್ರಿ."

ನಾಳೆ ಬರಲಿಲ್ಲ. ತೊಗರಿಯ ರಾಶಿ ನಡೆದಿತ್ತು, ಹಾಡೂ ನಡೆದಿತ್ತು. ಮುಂದಿನ ವಾರಗಳಲ್ಲಿ ಎರಡು ಸಲ ಆ ಬಿಳಿ ಕಾರು ಅಂಗಡಿಯ ಮುಂದೆ ಹಾದುಹೋಯಿತು. ದಾವಲಸಾಬ ಹಾರ್ನು ಬಾರಿಸಿದ, ಜಯತೀರ್ಥ ಕೈ ಎತ್ತಿದ. ನಿಲ್ಲಿಸು ಎಂದು ಕೂಗಲಿಲ್ಲ. ಒಂದು ಸಲ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ. ಇನ್ನೊಂದು ಸಲ ಸುಮ್ಮನೆ ನಿಂತಿದ್ದ, ಕೈಯಲ್ಲಿ ಚಹಾ ಇತ್ತು.

ಸಂಕ್ರಾಂತಿಯ ಆಚೆಯ ಗುರುವಾರ ಗೌಡರಿಗೆ ಕೆಲಸವಿದ್ದುದರಿಂದ ದಾವಲಸಾಬ ಒಬ್ಬನೇ ಮುದುಕಿಯನ್ನು ಸೊಲ್ಲಾಪುರಕ್ಕೆ ಕರೆದೊಯ್ದ. ಮರಳಿ ಬರುವಾಗ, ಮಟಕಿ ಇನ್ನು ಮೂರು ಮೈಲಿ ಇದೆ ಎನ್ನುವಾಗ, ರಬ್ಬರು ಸುಟ್ಟ ವಾಸನೆ ಬಂತು. ಹಾಡು ಕಟ್ಟಾಯಿತು. ಡ್ಯಾಶ್‌ಬೋರ್ಡಿನ ಸಂದಿಯಿಂದ ಹೊಗೆ, ಹೊಗೆಯ ಹಿಂದೆಯೇ ಬೆಂಕಿ. ಅವನು ಗಾಡಿ ನಿಲ್ಲಿಸಿ ಹೊರಗೆ ಹಾರಿ ಹಿಂದಿನ ಬಾಗಿಲು ಎಳೆಯುವಷ್ಟರಲ್ಲಿ ಸೀಟಿನ ಸ್ಪಂಜು ಹೊತ್ತಿಕೊಂಡಿತ್ತು. ನಡೆಯಲಾರದ ಮುದುಕಿಯ ಕಾಲ ಮೇಲೆ ಮುಂದಿನ ಸೀಟು ಉರಿದು ಬಿದ್ದಿತ್ತು. ಅದನ್ನು ಅವನು ಬರಿಗೈಯಲ್ಲಿ ಹಿಡಿದು ಎತ್ತಿದ. ಹೊಲದಲ್ಲಿದ್ದವರು ಓಡಿ ಬಂದಾಗ ಗುರುಶಾಂತಮ್ಮ ರಸ್ತೆಯ ಬದಿಯ ಮಣ್ಣಿನಲ್ಲಿದ್ದಳು, ಅವಳ ಪಕ್ಕದಲ್ಲಿ ದಾವಲಸಾಬ ಎರಡೂ ಕೈಯನ್ನು ಮುಂದೆ ಚಾಚಿ ಮಂಡಿಯೂರಿ ಕೂತಿದ್ದ. ಮುದುಕಿ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಾತಾಡಲಿಲ್ಲ.

"ಬೀಡಿ ಸೇದಿದ್ಯಾ?" ಎಂದು ಗೌಡರು ಆಸ್ಪತ್ರೆಯಲ್ಲೇ ಅವನನ್ನು ಕೇಳಿದ್ದರಂತೆ. ದಾವಲಸಾಬ ಸುಳ್ಳು ಹೇಳುವ ಮನುಷ್ಯನಲ್ಲ. ದಾರಿಯಲ್ಲಿ ಒಂದು ಸೇದಿ ಕಿಟಕಿಯಿಂದ ಹೊರಗೆ ಎಸೆದೆ ಎಂದ. ಅಷ್ಟು ಸಾಕಾಯಿತು.

ಸುಟ್ಟ ಗಾಡಿಯನ್ನು ನೋಡಿ ಹೇಳಲು ಪೊಲೀಸರು ಕರೆಸಿದ್ದು ಜಯತೀರ್ಥನನ್ನೇ. ತಾಲ್ಲೂಕಿನಲ್ಲಿ ಗಾಡಿಯ ವೈರು ತಿಳಿದವರು ಬೇರೆ ಯಾರಿದ್ದರು? ರಸ್ತೆಯ ಬದಿಗೆ ಆ ಅಸ್ಥಿಪಂಜರ ನಿಂತಿತ್ತು. ಒಳಗೆ ಎಲ್ಲ ಬೂದಿ, ಟೇಪು ಕರಗಿ ಒಂದು ಕಪ್ಪು ಮುದ್ದೆ. ಆದರೆ ಬೆಂಕಿ ಇಂಜಿನ್ನಿನ ಕಡೆಗೆ ಪೂರ್ತಿ ಬಂದಿರಲಿಲ್ಲ. ಅವನು ಬಾನೆಟ್ ಎತ್ತಿದ. ಕಬ್ಬಿಣದ ಗೋಡೆಯ ತೂತಿನಲ್ಲಿ ಅವನು ಎಳೆದ ವೈರಿನ ತಾಮ್ರ ತೂತಿನ ಅಂಚಿಗೆ ಬೆಸುಗೆ ಹಾಕಿದಂತೆ ಅಂಟಿತ್ತು. ಬ್ಯಾಟರಿಯ ಪಕ್ಕದಲ್ಲಿ ಫ್ಯೂಸಿನ ಹೋಲ್ಡರು ಇನ್ನೂ ಇತ್ತು, ಒಳಗೆ ಬೆಳ್ಳಿಹಾಳೆ ಅರ್ಧ ಕರಗಿ ಬೂದು ಬಣ್ಣಕ್ಕೆ ತಿರುಗಿತ್ತು. ಇಡೀ ಕಥೆ ಅಲ್ಲಿ ಬರೆದಿಟ್ಟ ಹಾಗಿತ್ತು, ಓದಲು ಬರುವವನು ಅವನೊಬ್ಬನೇ.

ಠಾಣೆಯ ಫೌಜದಾರರು ಆಚೆ ನಿಂತು ಗೌಡರ ಜೊತೆ ಮಾತಾಡುತ್ತಿದ್ದರು. ಜಯತೀರ್ಥನ ಕೈ ತಾನಾಗಿ ಮುಂದೆ ಹೋಯಿತು. ಹೋಲ್ಡರನ್ನು ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

"ಏನ್ ಆಗ್ಯಾದ ಆಚಾರ್ರ?" ಫೌಜದಾರರು ಕೇಳಿದರು.

"ಎಲ್ಲಾ ಸುಟ್ಟು ಹೋಗ್ಯಾದ್ರಿ. ಏನೂ ತಿಳಿಯಂಗಿಲ್ಲ."

ಅವರು ಅದನ್ನು ಬರೆದುಕೊಂಡು ಅವನ ಸಹಿ ತೆಗೆದುಕೊಂಡರು. ದಾವಲಸಾಬನ ಮೇಲೆ ನಿಷ್ಕಾಳಜಿಯಿಂದ ಸಾವು ತಂದ ಕೇಸು ಆಯಿತು. ಕೈಗೆ ಬಟ್ಟೆ ಸುತ್ತಿಕೊಂಡೇ ಅವನು ಹದಿನೆಂಟು ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಬಂದ.

ಮನೆಯಲ್ಲಿ ಜಯತೀರ್ಥ ಯಾರಿಗೂ ಹೇಳಲಿಲ್ಲ. ಹೆಂಡತಿ ಪ್ರಮಿಲಾ ಅವನಿಗೆ ಊಟ ಸೇರದ್ದನ್ನು ನೋಡಿ ಕಾಮಾಲೆಯ ಔಷಧ ತಂದಳು. ಅವನು ಅದನ್ನು ಸುಮ್ಮನೆ ಕುಡಿದ. ತನಗೆ ಎರಡು ಹೆಣ್ಣುಮಕ್ಕಳಿದ್ದಾರೆ, ತಾನು ಬೇಕೆಂದು ಮಾಡಿದ್ದಲ್ಲ, ನಾಳೆ ತನ್ನಿರಿ ಅಂತ ಹೇಳಿಯೇ ಕಳಿಸಿದ್ದೆ, ಹೀಗೆ ದಿನಕ್ಕೊಂದು ಸಮಾಧಾನ ಹುಡುಕಿಕೊಂಡ. ಸಾಕ್ಷಿ ಸಿಗದಿದ್ದರೆ ದಾವಲಸಾಬ ಹೇಗೂ ಬಿಡುಗಡೆ ಆಗುತ್ತಾನೆ ಎಂಬುದು ಅವುಗಳಲ್ಲಿ ದೊಡ್ಡದು.

ಏಪ್ರಿಲ್‌ನಲ್ಲಿ ದಾವಲಸಾಬನ ಹೆಂಡತಿ ಪ್ಯಾರಿಬಿ ಅಂಗಡಿಗೆ ಬಂದಳು. ನೆತ್ತಿ ಸುಡುವ ಬಿಸಿಲು. ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಹೊರಗೇ ನಿಂತಳು. ಏನೋ ಸಹಾಯ ಕೇಳಲು ಬಂದಿದ್ದಾಳೆ ಎಂದು ಜಯತೀರ್ಥ ಜೇಬಿಗೆ ಕೈ ಹಾಕಿದ.

"ಅದಕ್ಕ ಬಂದಿಲ್ರಿ ಅಣ್ಣ" ಎಂದಳು ಪ್ಯಾರಿಬಿ. "ನೀವೊಂದ ಮಾತು ಬಂದು ಹೇಳ್ರಿ ಅವರಿಗಿ. ಬೀಡಿ ಕಿಡಿ ಒಳಗ ಬಿದ್ದಿತ್ತೋ ಏನೋ, ನಾನ ಆ ತಾಯಿನ ಸುಟ್ಟೆ, ನಾನ ಸುಟ್ಟೆ ಅಂತ ಒಂದ ಸಮನ ಕುಂತಾರ. ಉಣ್ಣಂಗಿಲ್ಲ. ತುತ್ತು ನಾನ ಹಾಕ್ಬೇಕು, ಕೈ ಮಡಚಂಗಿಲ್ಲ. ಹಾಕಿದ್ರ ಉಗುಳ್ತಾರ. ನೀವು ಗಾಡಿ ನೋಡೀರಿ. ಬೀಡಿಯಿಂದ ಹಂಗ ಆಗಂಗಿಲ್ಲ ಅಂತ ಒಂದ ಮಾತು ಸುಳ್ಳರೆ ಹೇಳ್ರಿ. ನಿಮ್ಮ ಮಾತು ನಂಬ್ತಾರ."

ಸುಳ್ಳಾದರೂ ಹೇಳಿ ಎಂದಳು. ಜಯತೀರ್ಥ ಸ್ಟೂಲಿನ ಮೇಲೆ ಕೂತ. ಜೈಲು, ಕೇಸು, ಗೌಡರು, ಎಲ್ಲವನ್ನೂ ಅವನು ಲೆಕ್ಕ ಹಾಕಿ ಇಟ್ಟಿದ್ದ. ಆ ಮನುಷ್ಯ ತಾನೇ ಕೊಂದೆನೆಂದು ನಂಬಿ ಕೂತಿರಬಹುದು ಎಂಬುದು ಮಾತ್ರ ಅವನ ತಲೆಗೆ ಹೊಳೆದೇ ಇರಲಿಲ್ಲ.

"ನಾ ಬರ್ತೇನಿ ತಂಗಿ" ಎಂದ. "ನೀ ನಡಿ."

ಆದರೆ ಮೊದಲು ಹೋದದ್ದು ಮಟಕಿಗೆ. ಗೌಡರು ಪಡಸಾಲೆಯಲ್ಲಿ ಒಬ್ಬರೇ ಇದ್ದರು. ಜಯತೀರ್ಥ ನಿಂತೇ ಎಲ್ಲ ಹೇಳಿದ. ತೂತಿಗೆ ರಬ್ಬರು ಹಾಕದ್ದು, ಬೆಳ್ಳಿಹಾಳೆ, ಜೇಬಿಗೆ ಇಳಿಸಿದ ಹೋಲ್ಡರು. ಗೌಡರು ಎದ್ದು ಹೊಡೆಯುತ್ತಾರೆ ಅಂದುಕೊಂಡಿದ್ದ. ಅವರು ಏಳಲಿಲ್ಲ.

"ಅವತ್ತು ನಾ ಏನಂದೆ, ನೆನಪದ ಏನು ನಿಮಗ?" ಎಂದರು.

"ಅದ ರಿ."

"ಏನರೆ ಮಾಡ್ರಿ, ಹಾಡು ಬರಬೇಕು ಅಂದೆ. ನೀವು ಬ್ಯಾಡ ಅಂದ್ರಿ. ನಾ ಕೇಳಲಿಲ್ಲ." ಗೌಡರು ತಮ್ಮ ಎರಡು ಅಂಗೈ ನೋಡಿಕೊಂಡರು. "ಅವ್ವನ ಮಣ್ಣು ಮಾಡಿ ಬಂದ ದಿನದಿಂದ ಇದು ನನ್ನ ಎದಿಯೊಳಗ ಕುಂತದ, ಆಚಾರ್ರ. ಬೀಡಿ ಅಂತ ಇದ್ರ ನಾ ಉಣ್ತೇನಿ, ಮಲಗ್ತೇನಿ. ಅದನ್ನ ಕಸಗೋಬ್ಯಾಡ್ರಿ. ಕೈ ಮುಗೀತೇನಿ, ಹೋಗಿಬಿಡ್ರಿ."

"ದಾವಲಸಾಬ ಉಣ್ಣವಲ್ಲ ರಿ" ಎಂದ ಜಯತೀರ್ಥ.

ಗೌಡರು ಮುಖ ಗೋಡೆಗೆ ತಿರುಗಿಸಿದರು. ಒಳಗಿನಿಂದ ಅವರ ಹೆಂಡತಿ ಶಿವಕಾಂತಾ ನೀರಿನ ತಂಬಿಗೆ ತಂದು ಹೊಸ್ತಿಲ ಮೇಲಿಟ್ಟು, ಯಾರನ್ನೂ ನೋಡದೆ ಹೋದಳು. ಜಯತೀರ್ಥ ನೀರು ಕುಡಿಯದೆ ಹೊರಬಂದ.

ಮರುದಿನ ದಾವಲಸಾಬನ ವಕೀಲರ ಮುಂದೆ ಆ ಹೋಲ್ಡರು ಇಟ್ಟ. ಕೇಸು ವಿಚಾರಣೆಗೆ ಬರಲು ಇನ್ನೂ ಒಂದು ವರ್ಷ ಹಿಡಿಯಿತು. ಕಟಕಟೆಯಲ್ಲಿ ನಿಂತು ಅವನು ನೇರವಾಗಿ ಹೇಳಿದ, ತಾನು ಮಾಡಿದ್ದನ್ನೂ, ಮುಚ್ಚಿಟ್ಟದ್ದನ್ನೂ. ಸರ್ಕಾರಿ ವಕೀಲರು ಕೇಳಿದರು, "ಇದನ್ನ ಮಾಡು ಅಂತ ಯಾರಾದರೂ ನಿಮ್ಮ ಮೇಲೆ ಒತ್ತಾಯ ಹಾಕಿದ್ದರಾ?" ಹಿಂದಿನ ಬೆಂಚಿನಲ್ಲಿ ದೌಲತರಾಯ ಗೌಡರು ಕೂತಿದ್ದರು. ಒಂದು ವರ್ಷದಲ್ಲಿ ಅವರ ಕುತ್ತಿಗೆ ತೆಳ್ಳಗಾಗಿತ್ತು.

"ಕೆಲಸ ಬಲ್ಲವ ನಾನು ರಿ" ಎಂದ ಜಯತೀರ್ಥ. "ಬ್ಯಾಡಂತ ಕೈ ಕಟ್ಟಿ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ."

ದಾವಲಸಾಬ ಬಿಡುಗಡೆಯಾದ. ಜಯತೀರ್ಥನ ಮೇಲೆ ಬೇರೆ ಕೇಸು ನಡೆದು ಆರು ತಿಂಗಳ ಸಜೆಯಾಯಿತು. ಅಣ್ಣ ವ್ಯಂಕಟೇಶ ಜೈಲಿರುವ ಗುಲಬರ್ಗಾದಲ್ಲೇ ಇದ್ದರೂ ಒಮ್ಮೆ ಮಾತ್ರ ಬಂದ. ಬಂದವನು ಅಪ್ಪನ ಹೆಸರಿನ ಬಗ್ಗೆ ಮಾತಾಡಿ ಹೋದ. ಪ್ರಮಿಲಾ ಪ್ರತಿ ವಾರ ಬಸ್ಸಿನಲ್ಲಿ ಬಂದಳು. ಆರು ತಿಂಗಳಲ್ಲಿ ಅವಳು ಒಂದೇ ಸಲ ಅತ್ತಳು, "ಕಾಮಾಲೆ ಔಷಧ ಯಾಕ ಕುಡದ್ರಿ? ನನಗ ಹೇಳಬೇಕಿಲ್ಲ?" ಎಂದು.

ಹೊರಬಂದ ಮೇಲೆ ಅಂಗಡಿಯ ಬಾಗಿಲು ತೆರೆದು ಎರಡು ತಿಂಗಳು ಕೂತ. ಗಾಡಿಗಳು ಪಂಕ್ಚರಿನವನ ಹತ್ತಿರ ನಿಂತು ಹಾಗೇ ಮುಂದೆ ಹೋಗುತ್ತಿದ್ದವು. ಯಾರೂ ಕೆಟ್ಟ ಮಾತಾಡಲಿಲ್ಲ, ಯಾರೂ ಬರಲೂ ಇಲ್ಲ. ಕೊನೆಗೆ ಅಂಗಡಿ ಬಿಟ್ಟು, ಅಫಜಲಪುರದ ಕಡೆ ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬು ತರುವ ಟ್ರ್ಯಾಕ್ಟರುಗಳ ದೀಪ ನೋಡಿಕೊಳ್ಳುವ ಕೆಲಸ ಹಿಡಿದ. ಅಲ್ಲಿ ಅವನ ಕಥೆ ಗೊತ್ತಿದ್ದವರು ಕಡಿಮೆ.

ಹವಳಗಾಕ್ಕೆ ಹೊರಡುವ ಮುಂಚೆ ನಿಂಬರ್ಗಾಕ್ಕೆ ಹೋದ. ಹಿಂದೆ ಆ ಏಪ್ರಿಲ್‌ನಲ್ಲಿ, ಹೋಲ್ಡರು ಒಪ್ಪಿಸಿದ ದಿನವೇ, ವಕೀಲರಿಂದ ನೇರ ಹೋಗಿ ದಾವಲಸಾಬನಿಗೆ ಎಲ್ಲ ಹೇಳಿದ್ದ. ಅಂದು ದಾವಲಸಾಬ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ, ಅಷ್ಟೆ. ಈ ಸಲ ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಊಟ ಮಾಡುತ್ತಿದ್ದಾನೆ ಎಂಬುದು ಮೈ ನೋಡಿದರೆ ತಿಳಿಯುತ್ತಿತ್ತು. ಬೆರಳುಗಳು ಮಾತ್ರ ಒಂದಕ್ಕೊಂದು ಅಂಟಿ ಬಾಗಿದ್ದವು. ಪ್ಯಾರಿಬಿ ಚಹಾ ತಂದಳು. ಅವನು ಬಟ್ಟಲನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ಕುಡಿದ. ಜಯತೀರ್ಥ ನೋಡಬಾರದೆಂದುಕೊಂಡೂ ನೋಡಿದ.

"ಆಚಾರ್ರ, ಒಂದ ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ" ಎಂದ ದಾವಲಸಾಬ. "ಕೈ ಹೋಗಿದ್ದಕ್ಕ ನನಗೇನೂ ಇಲ್ಲ. ಅದು ಆ ತಾಯಿಗಿ ಹೋಯ್ತು. ಆದ್ರ ಮೂರು ತಿಂಗಳು ನಾನ ಕೊಂದೆ ಅಂತ ತಿಳ್ಕೊಂಡಿದ್ದೆ. ನಿಮಗ ಗೊತ್ತಿತ್ತು. ಗೊತ್ತಿದ್ದೂ ಅಂಗಡ್ಯಾಗ ಕುಂತಿದ್ರಿ. ಆ ಮೂರು ತಿಂಗಳು ನನಗ ಮರೀಲಾಕ ಆಗವಲ್ದು."

"ಹೌದು" ಎಂದ ಜಯತೀರ್ಥ.

"ನೀವು ಬಂದಾಗೆಲ್ಲಾ ಅದ ಏಳ್ತದ. ಇನ್ನ ಬರಬ್ಯಾಡ್ರಿ."

ಪ್ಯಾರಿಬಿ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ಜಯತೀರ್ಥ ಚಹಾ ಮುಗಿಸಿ, ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಕೈ ಮುಗಿದು ಎದ್ದ. ಬಸ್ಸು ಬರಲು ಇನ್ನೂ ಹೊತ್ತಿತ್ತು. ಸ್ಟ್ಯಾಂಡಿನಲ್ಲಿ ಕೂತರೆ ಅವರ ಮನೆಯ ಕಟ್ಟೆ ಕಾಣುತ್ತಿತ್ತು. ಅದಕ್ಕೇ ಅವನು ತೊಗರಿ ಹೊಲದ ಬದಿ ಹಿಡಿದು ಮುಂದಿನ ಊರಿನ ಕಡೆಗೆ ನಡೆಯತೊಡಗಿದ.